ಕೈಮಾತಿಗೆ ಒಂದು ಸಾಲು

ನಮ್ಮ ಊರಿನಲ್ಲಿ ಅನುಭವ ಪತ್ರ ಬರೆಸಿಕೊಳ್ಳುವವರು ಅದರ ಹಿಂದಿನ ದಿನವನ್ನು ಸುಮ್ಮನೆ ಕಳೆಯುವುದಿಲ್ಲ. ಪತ್ರದ ಕೆಳಗೆ ಮಾಲೀಕರ ಮೊಹರು ಬಿದ್ದ ಗಳಿಗೆಯಿಂದ ಆ ಮನುಷ್ಯನ ಕೈಗಳು ಪತ್ರದಲ್ಲಿ ಬರೆದಷ್ಟು ಕೆಲಸವನ್ನು ಮಾತ್ರ ಮಾಡುತ್ತವೆ, ಬರೆಯದ್ದನ್ನು ಮರೆಯುತ್ತವೆ. ಹಾಗಾಗಿ ಆಸ್ಪತ್ರೆಯ ನರ್ಸ್ ಒಬ್ಬಳು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಮನೆಯ ಮುಂದೆಯೂ ರಂಗೋಲಿ ಹಾಕುತ್ತಾ ಹೋದರೆ ಯಾರೂ ಯಾಕೆಂದು ಕೇಳುವುದಿಲ್ಲ, ನೀರು ಚಿಮುಕಿಸಿ ಜಾಗ ಮಾಡಿಕೊಡುತ್ತಾರೆ. ಗಾರೆ ಕೆಲಸದವನೊಬ್ಬ ದಿನವಿಡೀ ಇಸ್ಪೀಟು ಆಡುತ್ತಾ ಕೂತಿದ್ದ. ಎದುರಿಗೆ ಕೂತವರು ಒಂದಾದ ಮೇಲೊಂದು ಆಟ ಅವನಿಗೇ ಬಿಟ್ಟುಕೊಟ್ಟರು. ದರ್ಜಿಯೊಬ್ಬ ಸಂಜೆಯವರೆಗೆ ಹಾರ್ಮೋನಿಯಂ ನುಡಿಸಿ, ಅದನ್ನು ಒರೆಸಿ, ಭಾವಮೈದುನನ ಮನೆಗೆ ಕೊಟ್ಟು ಬಂದ.

ಆ ಪತ್ರಗಳನ್ನು ಬರೆಯುವವಳು ನಾನು. ಹಿಂದೆ ಟೈಪಿಂಗ್ ಕಲಿಸುತ್ತಿದ್ದೆ, ಆದ್ದರಿಂದ ಊರಿಗೆಲ್ಲ ನಾನು ಟೀಚರ್. ಟೈಪಿಂಗ್ ಕಲಿಯಲು ಬರುವವರು ಇಲ್ಲವಾದ ಮೇಲೆ ಸೈಕಲ್ ಅಂಗಡಿಯ ಮಹಡಿಯಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಹೊರದೇಶಕ್ಕೆ ಕೆಲಸಕ್ಕೆ ಹೋಗುವವರ ಅರ್ಜಿ ತುಂಬುತ್ತೇನೆ, ಅದರ ಜೊತೆ ಹೋಗುವ ಅನುಭವ ಪತ್ರವನ್ನೂ ಬರೆಯುತ್ತೇನೆ. ಆಫರ್ ಲೆಟರ್ ಬಂದವರು ನೇರವಾಗಿ ನನ್ನ ಮೆಟ್ಟಿಲು ಹತ್ತುತ್ತಾರೆ. ಆ ಅರ್ಜಿಯಲ್ಲಿ ಊರಿನ ಹೆಸರು ಆರಿಸಲು ಉದ್ದದ ಪಟ್ಟಿಯೊಂದಿದೆ. ಅದರಲ್ಲಿ ನಮ್ಮ ಊರಿಲ್ಲ. 'ಇತರೆ' ಎಂಬುದನ್ನು ಒತ್ತಿ ಮುಂದಕ್ಕೆ ಹೋಗುತ್ತೇನೆ. ಇಷ್ಟು ಜನರ ಬಗ್ಗೆ ಬರೆದರೂ ನನ್ನ ಬಗ್ಗೆ ಮಾತ್ರ ಯಾರಿಂದಲೂ ಒಂದು ಸಾಲನ್ನೂ ಬರೆಸಿಕೊಂಡಿಲ್ಲ. ಬರೆಸಿಕೊಳ್ಳುವ ಉಮೇದೂ ಇಲ್ಲ.

ನನಗಿಂತ ಹಿಂದೆ ಈ ಕೆಲಸ ಮಾಡುತ್ತಿದ್ದವರು ಅಡುಗೆಯವನೊಬ್ಬನಿಗೆ ಅವಸರದಲ್ಲಿ ಪತ್ರ ಬರೆದುಕೊಟ್ಟರಂತೆ. ಅವನು ಮದುವೆ ಮನೆಗೆ ಸಾಲುವಷ್ಟು ಸಾರು ಮಾಡುತ್ತಿದ್ದ, ಆದರೆ ಆ ಸಾರನ್ನು ಅವನ ಬಾಯಿಗೆ ಅವನ ಹೆಂಡತಿಯೇ ಹಾಕಬೇಕಾಯಿತು. ಅಂದಿನಿಂದ ಎಲ್ಲ ಪತ್ರಗಳ ಕೊನೆಗೂ 'ಮತ್ತು ತಮ್ಮ ದೇಹಕ್ಕೂ ತಮ್ಮ ಸಾಮಾನಿಗೂ ಸಂಬಂಧಿಸಿದ ಸಕಲ ಕೆಲಸಗಳನ್ನು ತಾವೇ ಮಾಡಿಕೊಳ್ಳುತ್ತಾರೆ' ಎಂದು ಸೇರಿಸುವುದು ರೂಢಿಯಾಯಿತು. ಇದಕ್ಕೆ ನಾವು ಉಳಿಕೆ ಸಾಲು ಎನ್ನುತ್ತೇವೆ. ಹೊರದೇಶದ ಕಚೇರಿಗಳು ಮೊದಮೊದಲು ತಕರಾರು ತೆಗೆದವು. ಆಮೇಲೆ, ಇದೇನೋ ಈ ಕಡೆಯವರು ಆರೋಗ್ಯವಾಗಿದ್ದೇವೆ ಎಂದು ಹೇಳುವ ರೀತಿ ಇರಬೇಕು ಅಂದುಕೊಂಡು ಸುಮ್ಮನಾದವು. ಆದರೆ ಅದರ ಮೇಲೆ ಇನ್ನೊಂದು ಸಾಲು ಸೇರಿಸಿದರೂ ಅರ್ಜಿ ವಾಪಸು ಬರುತ್ತದೆ. ವಾಪಸು ಬಂದ ಪತ್ರವನ್ನು ಹರಿದು ಹಾಕಿದರೆ ಕೈಗಳು ಮೊದಲಿನಂತಾಗುತ್ತವೆ. ಒಪ್ಪಿಗೆಯಾದರೆ ಅಸಲು ಪತ್ರ ಅವರ ಫೈಲಿನಲ್ಲೇ ಉಳಿಯುತ್ತದೆ, ಕೈಗಳೂ ಪತ್ರದಂತೆಯೇ ಉಳಿಯುತ್ತವೆ.

ಜಬ್ಬಾರ್ ಸಾಹೇಬರ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸುತ್ತಿದ್ದ ಹಾಲೇಶ ಆಫರ್ ಲೆಟರ್ ಹಿಡಿದು ಬಂದದ್ದು ಒಂದು ಮಧ್ಯಾಹ್ನ. ಅದರ ಜೊತೆಗೆ ಕಂಪನಿಯವರು ತಮ್ಮ ಕಾರ್ಖಾನೆಯ ಚಿತ್ರವನ್ನೂ ಕಳಿಸಿದ್ದರು. ಹಡಗಿನ ಉದ್ದನೆಯ ಅಚ್ಚನ್ನು, ಅಂದರೆ ಶಾಫ್ಟನ್ನು, ಕಡೆಯುವ ಲೇತ್ ಅದು, ನಮ್ಮ ಬಸ್‌ಸ್ಟ್ಯಾಂಡಿನಷ್ಟು ಉದ್ದ.

"ಆ ಮನುಷ್ಯನ್ನ ನೋಡಿ ಟೀಚ್ರೆ, ಮಿಷನ್ ಮುಂದೆ ಎಷ್ಟ್ ಸಣ್ಣಗ್ ಕಾಣ್ತಾನೆ," ಎಂದ ಹಾಲೇಶ. "ನಮ್ಮಲ್ಲಿ ಕಬ್ಬಿನ ಗಾಣದ ರೋಲರ್‌ಗಿಂತ ದೊಡ್ಡದ್ ಯಾವ್ದೂ ಬರಲ್ಲ. ಒಂದ್ಸಲನಾದ್ರೂ ಇಂಥದ್ರ ಮುಂದೆ ನಿಂತ್ಕೋಬೇಕು."

ಅವನ ಕಷ್ಟವೇನೆಂದು ನನಗೆ ಅವನು ಹೇಳುವ ಮೊದಲೇ ಗೊತ್ತಿತ್ತು. ಅವನ ಅಕ್ಕ ಶಿವಲೀಲಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಶಾಲೆಗೆ ಕಳಿಸಿದವರಿಲ್ಲ, ಓದುಬರಹ ಇಲ್ಲ. ಹಾಲೇಶ ತೊಟ್ಟಿಲಿನಿಂದ ಇಳಿದ ಮೇಲೆ ಇಬ್ಬರೂ ಸೇರಿ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡರು. ಅದು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ತಾಯಿಯೂ ಊಟ, ನೀರು, ಜ್ವರ ಎಂಬ ಮೂರು ನಾಲ್ಕು ಮಾತು ಬಿಟ್ಟರೆ ಏನೂ ತಿಳಿಯದೆಯೇ ತೀರಿಕೊಂಡರು. ಅಣ್ಣ ತಮ್ಮಂದಿರ ಜಗಳ ನಾನು ಬೇಕಾದಷ್ಟು ಕೇಳಿದ್ದೇನೆ. ಇವರಿಬ್ಬರ ಜಗಳವನ್ನು ಸಂತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಎಡಮೂಗಿನ ಮೇಲೆ ಬೆರಳು ಇಟ್ಟರೆ ಅಕ್ಕ ಎಂದರ್ಥ. ಶಿವಲೀಲಾಳ ಮೂಗುತಿ ಇರುವುದು ಅಲ್ಲೇ. ಹಾಲೇಶನ ಎಲ್ಲ ಮಾತೂ ಅಲ್ಲಿಂದಲೇ ಶುರುವಾಗುತ್ತಿತ್ತು.

"ಕೈಮಾತು ಹೋದ್ರೆ ಅವಳಿಗೆ ಮಾತಾಡೋಕೆ ಲೋಕದಲ್ಲಿ ಒಬ್ರೂ ಇರಲ್ಲ ಟೀಚ್ರೆ," ಎಂದ ಹಾಲೇಶ. "ಅದೊಂದ್ ಉಳಿದ್ರೆ ಸಾಕು. ಫೋನಲ್ಲಿ ಮುಖ ನೋಡ್ಕೊಂಡು ದಿನಾ ಮಾತಾಡ್ತೀನಿ."

ಮೊದಲ ಸಲ ಉಳಿಕೆ ಸಾಲಿನ ಕೆಳಗೆ 'ಅಕ್ಕನೊಡನೆ ಕೈಮಾತು ಆಡುತ್ತಾರೆ' ಎಂದು ಸೇರಿಸಿ ಕಳಿಸಿದೆವು. ಆಗುವ ಮಾತಲ್ಲ ಎಂದು ನಾನು ಹೇಳಿದ್ದೆ. ಆಗಲೂ ಇಲ್ಲ. ಪತ್ರದಲ್ಲಿ ಹೇಳಿದ ಕರ್ತವ್ಯಗಳಲ್ಲಿ ಒಂದು ಈ ಕಸುಬಿಗೆ ಸೇರಿದ್ದಲ್ಲ, ಆದ್ದರಿಂದ ಅರ್ಜಿದಾರರು ಪೂರ್ಣಾವಧಿ ಲೇತ್ ಟರ್ನರ್ ಆಗಿದ್ದರೆಂದು ನಂಬಲಾಗುತ್ತಿಲ್ಲ ಎಂದು ಅಲ್ಲಿಯ ಅಧಿಕಾರಿ ಬರೆದಿದ್ದರು. ಆಫರ್ ಲೆಟರಿನ ಅವಧಿ ಇನ್ನೂ ಮುಗಿದಿರಲಿಲ್ಲ. ಇನ್ನೊಂದು ಅರ್ಜಿಗೆ ಜಾಗವಿತ್ತು, ಮೂರನೆಯದಕ್ಕೆ ಇರಲಿಲ್ಲ.

ಆ ದೇಶದವರು ಪ್ರತಿ ಕಸುಬಿನ ಕೆಲಸಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಪತ್ರದ ಸಾಲುಗಳನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಟರ್ನರ್ ಎಂಬ ಪುಟವನ್ನು ನಾನು ಮತ್ತೊಮ್ಮೆ ಓದಿದೆ. ನಕ್ಷೆ ಓದುವುದು, ಉಳಿ ಹರಿತ ಮಾಡುವುದು, ಅಳತೆ ನೋಡುವುದು ಎಲ್ಲ ಇತ್ತು. ಕೆಳಗೆ ಒಂದು ಕಡೆ 'ಯಂತ್ರಗಳ ಸದ್ದಿನ ನಡುವೆ ಸಹೋದ್ಯೋಗಿಗಳೊಡನೆ ಕೈಸನ್ನೆಯ ಮೂಲಕ ಮಾತನಾಡುತ್ತಾರೆ' ಎಂದೂ ಇತ್ತು. ನನಗೆ ಖುಷಿಯಾಯಿತು. ಅವರ ಪುಸ್ತಕದ್ದೇ ಸಾಲು, ಅಕ್ಷರ ಆಚೀಚೆ ಮಾಡದೆ ಹಾಕಿದರೆ ಯಾರೂ ಕೊಂಕು ತೆಗೆಯುವ ಹಾಗಿಲ್ಲ. ಸಾಹೇಬರು ಕನ್ನಡಕ ಏರಿಸಿ ಓದಿದರು. "ಇದು ನಿಜಾನೇ ಅಲ್ವಾ? ನಮ್ ಶೆಡ್ಡಲ್ಲಿ ಯಾರಿಗ್ ಯಾರ್ ಮಾತ್ ಕೇಳುತ್ತೆ," ಎಂದು ಮೊಹರು ಒತ್ತಿದರು. ಹಾಲೇಶ ಪೇಡೆ ತರಿಸಿ ಹಂಚಿಸಿದ. ಅರ್ಜಿಯೂ ಅಸಲು ಪತ್ರವೂ ಅಂದೇ ಹೋದವು.

ಸಂಜೆ ಹಾಲೇಶ ಅಕ್ಕನ ಎದುರು ಕೂತ. ಅವನ ಕೈಗಳು ಮಡಿಲಿನಿಂದ ಮೇಲೇಳಲಿಲ್ಲ. ಮಾರನೆಯ ದಿನ ಇಬ್ಬರೂ ನನ್ನ ಮಹಡಿಗೆ ಬಂದರು. ಶಿವಲೀಲಾ ಅವನ ಎರಡೂ ಕೈಗಳನ್ನು ಹಿಡಿದು ನನ್ನ ಮೇಜಿನ ಮೇಲೆ ಇಟ್ಟಳು, ಅಂಗಡಿಯಲ್ಲಿ ಕೊಂಡ ಸಾಮಾನು ಕೆಟ್ಟಿದೆ ಎಂದು ವಾಪಸು ತಂದವಳ ಹಾಗೆ. ನಾನು ಪತ್ರದ ನಕಲು ತೆಗೆದು ಓದಿದೆ. ಸಹೋದ್ಯೋಗಿಗಳೊಡನೆ ಎಂದಿತ್ತು. ಅಕ್ಕ ಸಹೋದ್ಯೋಗಿ ಅಲ್ಲ. ಅಷ್ಟೇ ವಿಷಯ.

ಮೂವರೂ ಶೆಡ್ಡಿಗೆ ಹೋಗಿ ವಿಷಯ ಹೇಳಿದೆವು. ಸಾಹೇಬರು ಮೊಹರು ಕೈಗೆತ್ತಿಕೊಂಡು ತಕ್ಷಣ ದಾರಿ ಹುಡುಕಿದರು. "ಅದಕ್ಕೇನಂತೆ, ನಿಮ್ಮಕ್ಕಂಗೂ ನಾಳೆಯಿಂದ ಕೆಲ್ಸ ಕೊಡ್ತೀನಿ. ಶೆಡ್ ಗುಡಿಸ್ಲಿ. ಆವಾಗ ಅವರೂ ಸಹೋದ್ಯೋಗಿನೇ ತಾನೆ."

"ಕೊಡಬಹುದು," ಎಂದೆ ನಾನು. "ನೇಮಕದ ಆದೇಶಕ್ಕೂ ನಿಮ್ಮ ಮೊಹರೇ ಬೀಳ್ಬೇಕು. ಆಮೇಲೆ ಅವರ ಕೈಯೂ ಶೆಡ್ ಗುಡಿಸೋದು ಬಿಟ್ರೆ ಬೇರೆ ಏನೂ ಮಾಡಲ್ಲ."

ಹಾಲೇಶನಿಗೆ ಕೈಮಾತು ಆಡಲು ಆಗುತ್ತಿರಲಿಲ್ಲ ಅಷ್ಟೆ, ಅಕ್ಕ ಆಡಿದ್ದು ತಿಳಿಯುತ್ತಿತ್ತು. ನಾವು ಏನು ಮಾತಾಡುತ್ತಿದ್ದೇವೆಂದು ಶಿವಲೀಲಾ ಮೊಹರಿನ ಕಡೆ ನೋಡಿಯೇ ಊಹಿಸಿದಳು. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟು ತಲೆಯಾಡಿಸಿದಳು, ಆಮೇಲೆ ಹೊರಗೆ ತೆಗೆದು ಚುರುಕಾಗಿ ಏನೋ ಹೇಳಿದಳು.

"ತನ್ ಕೈನ ಯಾರೂ ಬರೆಯೋದ್ ಬೇಡ ಅಂತಾಳೆ," ಎಂದ ಹಾಲೇಶ.

ಅದಾದ ಕೆಲವು ದಿನ ಶೆಡ್ಡಿನಲ್ಲಿ ಯಾರಿಗೂ ಮನಸ್ಸು ಸರಿಯಿರಲಿಲ್ಲ. ನಾನು ಸಾಹೇಬರ ಹತ್ತಿರ ಬೇರೊಂದು ಸಹಿಗೆ ಹೋಗಿದ್ದೆ. ಲೇತ್ ಓಡುತ್ತಿತ್ತು. ಹಾಲೇಶ ಫಿಟ್ಟರ್ ತಿಪ್ಪೇಶಿಗೆ, ನಿಂತಿದ್ದ ಇನ್ನೊಂದು ಲೇತಿನಲ್ಲಿ ಕಬ್ಬಿಣ ಹಿಡಿಯುವ ಚಕ್ ಬಿಗಿ ಮಾಡು ಎಂದು ಸನ್ನೆ ಮಾಡುತ್ತಿದ್ದ. ಆ ಹೊತ್ತಿಗೆ ಶಿವಲೀಲಾ ಊಟದ ಕ್ಯಾರಿಯರ್ ಹಿಡಿದು ಬಂದು ತಿಪ್ಪೇಶಿಯ ಬೆನ್ನ ಹಿಂದೆ ನಿಂತಳು. ಹಾಲೇಶ ಅವಳನ್ನು ನೋಡಿದ. ಚಕ್ ಬಿಗಿ ಮಾಡು ಎನ್ನುತ್ತಿದ್ದ ಕೈ ನಿಲ್ಲದೆ ಮುಂದುವರಿದು ಅವನ ಎಡಮೂಗಿಗೆ ಹೋಯಿತು.

"ನನಗ್ಯಾಕೋ ಮೂಗ್ ತೋರಿಸ್ತೀಯ," ಎಂದ ತಿಪ್ಪೇಶಿ.

ಹಾಲೇಶ ಕಣ್ಣನ್ನು ತಿಪ್ಪೇಶಿಯ ಮೇಲೇ ನೆಟ್ಟು, ಅಷ್ಟು ದಿನ ಕಟ್ಟಿಕೊಂಡಿದ್ದ ಮಾತನ್ನೆಲ್ಲ ಅವನ ಮುಂದೆ ಸುರಿದ. ಬೆನ್ನ ಹಿಂದೆ ಶಿವಲೀಲಾ ಕ್ಯಾರಿಯರನ್ನು ನೆಲದ ಮೇಲಿಟ್ಟು ಉತ್ತರ ಕೊಡತೊಡಗಿದಳು. ನಡುವೆ ಸಿಕ್ಕಿದ ತಿಪ್ಪೇಶಿ ಏನು ಮಾಡಬೇಕೆಂದು ತೋಚದೆ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸುತ್ತಾ ನಿಂತ. ಅಷ್ಟರಲ್ಲಿ ಸಾಹೇಬರು ಊಟದ ಹೊತ್ತಾಯಿತೆಂದು ಮೇನ್ ಸ್ವಿಚ್ ಆರಿಸಿದರು. ಸದ್ದು ನಿಂತಿತು. ಹಾಲೇಶನ ಕೈಗಳು ಮಾತಿನ ನಡುವೆಯೇ ಕೆಳಗೆ ಬಿದ್ದವು.

"ಆನ್ ಮಾಡಿ ಸಾಹೇಬ್ರೆ," ಎಂದು ನಾನೇ ಹೇಳಿದೆ. ಯಂತ್ರಗಳ ಸದ್ದಿನ ನಡುವೆ ಎಂದೂ ಪತ್ರದಲ್ಲಿತ್ತಲ್ಲ.

ಅಲ್ಲಿಂದ ಮುಂದೆ ಅದೊಂದು ಏರ್ಪಾಡಾಯಿತು. ಮಧ್ಯಾಹ್ನ ಊಟವಾದ ಮೇಲೆ ಸಾಹೇಬರು ಒಂದು ಲೇತನ್ನು ಬರಿದೇ ಓಡಲು ಬಿಡುತ್ತಿದ್ದರು. ತಿಪ್ಪೇಶಿ ಸ್ಟೂಲಿನ ಮೇಲೆ ಚಹಾ ಹಿಡಿದು ಕೂರುತ್ತಿದ್ದ. ಅವನ ಹಿಂದೆ ಶಿವಲೀಲಾ, ಮುಂದೆ ಹಾಲೇಶ. ಅವರ ಮಾತು ಮುಗಿಯುವವರೆಗೆ ತಿಪ್ಪೇಶಿ ಏಳುವ ಹಾಗಿಲ್ಲ. ಒಮ್ಮೆ ಅಕ್ಕತಮ್ಮಂದಿರಿಗೆ ಯಾವುದೋ ಸೀರೆಯ ವಿಷಯಕ್ಕೆ ಜಗಳ ಬಂದು, ಹಾಲೇಶ ಮುಖ ಕೆಂಪಗೆ ಮಾಡಿಕೊಂಡು ತಿಪ್ಪೇಶಿಯ ಮೂಗಿನ ಹತ್ತಿರ ಕೈ ಬೀಸಿದ. "ಬೈಯೋದ್ ಅವಳ್ನ, ಬೈಸ್ಕೊಳೋದ್ ನಾನು. ಇದ್ಯಾವ್ ನ್ಯಾಯ ಟೀಚ್ರೆ," ಎಂದು ತಿಪ್ಪೇಶಿ ನನ್ನ ಹತ್ತಿರ ದೂರಿದ. ಆದರೂ ಮರುದಿನ ಸ್ಟೂಲು ಹಾಕಿಕೊಂಡು ಕೂತ. ಅಷ್ಟು ದಿನ ಕೂತರೂ ಆ ಭಾಷೆಯ ಒಂದು ಮಾತೂ ಅವನಿಗೆ ಅಂಟಲಿಲ್ಲ. ಅವನ ಗಮನವೆಲ್ಲ ಚಹಾದ ಮೇಲೆ.

ಅರ್ಜಿ ಒಪ್ಪಿಗೆಯಾಗಿ ಬಂತು. ಸಾಲು ಸಾಲೂ ತಾಳೆಯಾಗಿತ್ತು, ಇನ್ನೇನು. ಸಂತೋಷಪಡಬೇಕಾದ ಹಾಲೇಶ ಮುಖ ಸಣ್ಣದು ಮಾಡಿಕೊಂಡು ಬಂದ.

"ಹೋಗಲ್ಲ ಟೀಚ್ರೆ. ಅರ್ಜಿ ವಾಪಸ್ ತಗೊಂಡ್ರೆ ಪತ್ರ ವಾಪಸ್ ಬರುತ್ತಲ್ಲ, ಹರಿದ್ ಹಾಕೋಣ. ಅಲ್ಲಿ ತಿಪ್ಪೇಶಿನ ಎಲ್ಲಿಂದ ತರ್ಲಿ?"

"ಹೊರಡೋ ಮುಂಚೆ ಆದ್ರೆ ಬರುತ್ತೆ," ಎಂದೆ. "ಆದ್ರೆ ಇನ್ನೊಂದ್ಸಲ ಆಫರ್ ಬರಲ್ಲ. ಯೋಚ್ನೆ ಮಾಡು."

ಆ ಮಧ್ಯಾಹ್ನ ನಾನು ಬೇಕೆಂದೇ ಶೆಡ್ಡಿಗೆ ಹೋದೆ. ಲೇತ್ ಓಡುತ್ತಿತ್ತು, ತಿಪ್ಪೇಶಿ ಕೂತಿದ್ದ. ಹಾಲೇಶ ಹೋಗುವುದಿಲ್ಲವೆಂದು ಅವನ ಮುಂದೆ ಹೇಳಿರಬೇಕು, ಶಿವಲೀಲಾ ಕೇಳಿಸಿಕೊಂಡು, ಅಂದರೆ ನೋಡಿಕೊಂಡು, ತಿಪ್ಪೇಶಿಯ ಬೆನ್ನ ಹಿಂದಿನಿಂದ ಮುಂದಕ್ಕೆ ಬಂದಳು. ಜೇಬಿನಲ್ಲಿ ಮಡಚಿಟ್ಟಿದ್ದ ಆ ದೊಡ್ಡ ಲೇತಿನ ಚಿತ್ರವನ್ನು ತಮ್ಮನ ಅಂಗಿಯಿಂದ ಎಳೆದು ತೆಗೆದಳು. ಯಂತ್ರದ ಮುಂದೆ ನಿಂತ ಸಣ್ಣ ಮನುಷ್ಯನನ್ನು ಬೆರಳಿಂದ ಮುಟ್ಟಿದಳು, ತಿಪ್ಪೇಶಿಯನ್ನು ಮುಟ್ಟಿದಳು, ಮತ್ತೆ ಆ ಮನುಷ್ಯನನ್ನು ಮುಟ್ಟಿದಳು. ಆಮೇಲೆ ಕೈಯಲ್ಲಿ ಏನೋ ಹೇಳಿದಳು.

"ಏನಂತಪ್ಪ," ಎಂದು ಸಾಹೇಬರು ಕೇಳಿದರು.

"ಅಲ್ಲೂ ಒಬ್ಬ ತಿಪ್ಪೇಶಿ ಇದ್ದೇ ಇರ್ತಾನೆ, ಹುಡುಕು ಅಂತಾಳೆ."

ತಿಪ್ಪೇಶಿ ಮಾತ್ರ ಅದನ್ನು ಒಪ್ಪಲಿಲ್ಲ. ತನ್ನಂಥವನು ಇನ್ನೊಬ್ಬ ಸಿಗುವುದು ಕಷ್ಟ ಎಂದು ಹೇಳಿ ಲೋಟ ತೊಳೆಯಲು ಎದ್ದ.

ಹಾಲೇಶ ಹೋದ. ಶಿವಲೀಲಾಳ ಹತ್ತಿರ ಫೋನಿರಲಿಲ್ಲವಾದ್ದರಿಂದ ಅವನು ನನ್ನ ಫೋನಿಗೇ ಕರೆ ಮಾಡುತ್ತಿದ್ದ, ಅವಳು ನನ್ನ ಮಹಡಿಗೆ ಬಂದು ಕೂರುತ್ತಿದ್ದಳು. ಅವನು ತನ್ನ ಕೋಣೆ ತೋರಿಸಿದ, ಕಿಟಕಿಯ ಹೊರಗಿನ ಹಿಮ ತೋರಿಸಿದ. ಆಮೇಲೆ ಫೋನನ್ನು ಎದುರಿಗೆ ನಿಲ್ಲಿಸಿ ಕೂತ. ಇವಳು ಕೇಳುತ್ತಿದ್ದಳು: ಊಟ ಆಯಿತೇ, ಚಳಿಯೇ, ಯಾರಾದರೂ ಬೈದರೇ. ಅಷ್ಟು ಹೊತ್ತಿಗೆ ಆ ಮಾತುಗಳು ನನಗೂ ತಿಳಿಯುತ್ತಿದ್ದವು. ಅವನು ತಲೆಯಾಡಿಸಿ ಹೌದು ಅಲ್ಲ ಎನ್ನುತ್ತಿದ್ದ. ಕೈಗಳು ಮಾತ್ರ ಮೊಣಕಾಲಿನ ಮೇಲೆ, ಬೇರೆಯವರ ಕೈಗಳ ಹಾಗೆ. ಶಿವಲೀಲಾ ಅವನ ಮುಖ ಬಿಟ್ಟು ಆ ಕೈಗಳನ್ನೇ ನೋಡುತ್ತಿದ್ದಳು. ನೋಡಲು ಕಷ್ಟವಾಗುತ್ತಿತ್ತು. ನಾನು ಎದ್ದು ಪ್ರಿಂಟರಿಗೆ ಕಾಗದ ತುಂಬುತ್ತಿದ್ದೆ.

"ಯಾರನ್ನಾದ್ರೂ ಕೇಳೋ," ಎಂದು ಒಂದು ದಿನ ಅವನಿಗೆ ಹೇಳಿದೆ.

"ಏನಂತ ಕೇಳ್ಲಿ ಟೀಚ್ರೆ? ಒಂದ್ ಗಳಿಗೆ ನನ್ ಮುಂದೆ ಕೂತ್ಕೊಳ್ಳಿ, ನಿಮ್ ಮುಖ ನೋಡ್ಕೊಂಡು ನಮ್ಮಕ್ಕನ ಜೊತೆ ಮಾತಾಡ್ತೀನಿ ಅಂತ ಹೇಳ್ಲಾ? ಹುಚ್ಚಾಸ್ಪತ್ರೆಗ್ ಕಳಿಸ್ತಾರೆ."

ಆಮೇಲೆ ಶಿವಲೀಲಾ ಬರುವುದನ್ನು ಕಡಿಮೆ ಮಾಡಿದಳು. ಒಂದು ವಾರ ಬರಲೇ ಇಲ್ಲ. ನಾನು ಅವಳ ಮನೆಗೆ ಹೋದೆ. ಅವಳು ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಫೋನ್ ತೋರಿಸಿದೆ, ಬೇಡವೆಂದು ತಲೆಯಾಡಿಸಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಮಾತು ಸಾಕಾಗಿತ್ತು. ನನಗೆ ತುಂಬ ಬೇಸರವಾಯಿತು. ಬೇಸರವಾದರೂ ಮಾಡಬಹುದಾದ್ದು ಏನೂ ಇರಲಿಲ್ಲ. ಪತ್ರ ಅವರ ಫೈಲಿನಲ್ಲಿ ಭದ್ರವಾಗಿತ್ತು.

ಒಂದು ಬೆಳಿಗ್ಗೆ ಕರೆ ಬಂದಾಗ ಫೋನಿನಿಂದ ಇಡೀ ಮಹಡಿ ಅದುರುವಷ್ಟು ಗದ್ದಲ. ಕೆಳಗಿನ ಸೈಕಲ್ ಅಂಗಡಿಯವನು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದ. ಆ ದೊಡ್ಡ ಲೇತ್ ಓಡುತ್ತಿತ್ತು. ಪರದೆಯ ಅರ್ಧ ತುಂಬ ಯಾರದೋ ಅಗಲವಾದ ಬೆನ್ನು, ಕೆಂಪು ಕತ್ತು, ಉಣ್ಣೆಯ ಟೋಪಿ. ಆ ಮನುಷ್ಯ ಪೆಟ್ಟಿಗೆಯೊಂದರ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದ. ಅವನ ಆಚೆ ಹಾಲೇಶ ನಮ್ಮ ಕಡೆಗೆ ಮುಖ ಮಾಡಿ ನಿಂತಿದ್ದ. ನಾನು ಫೋನ್ ಹಿಡಿದು ಓಡಿದೆ. ಈ ವಯಸ್ಸಿನಲ್ಲಿ ನಾನು ಓಡಿದ್ದನ್ನು ಊರು ನೋಡಿ ನಕ್ಕಿತು.

ಶಿವಲೀಲಾಳ ಕಣ್ಣ ಮುಂದೆ ಪರದೆ ಹಿಡಿದೆ. ಹಾಲೇಶನ ಬೆರಳು ಎಡಮೂಗಿಗೆ ಹೋಯಿತು. ಅವಳು ಕಡಲೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿದಳು.

ಅಂದಿನಿಂದ ದಿನ ಬಿಟ್ಟು ದಿನ ಕರೆ ಬರತೊಡಗಿತು. ನಾನು ಫೋನಿನ ಸದ್ದು ಪೂರಾ ಇಳಿಸಿ ಅವಳ ಮುಂದೆ ಇಡುತ್ತೇನೆ. ಯಂತ್ರದ ಗದ್ದಲ ಅವರ ಮಾತಿಗೆ ಬೇಕು, ಅವಳಿಗೆ ಹೇಗೂ ಕೇಳುವುದಿಲ್ಲ, ನನಗೆ ಬೇಡ. ಆ ಮನುಷ್ಯನ ಹೆಸರು ನಮಗೆ ಹೇಳಲು ಬಾರದು. ನಾವು ತಿಪ್ಪೇಶಿ ಎಂದೇ ಕರೆಯುತ್ತೇವೆ. ಹಾಲೇಶ ಅವನಿಗೆ ಏನು ಹೇಳಿ ಒಪ್ಪಿಸಿದನೋ ಗೊತ್ತಿಲ್ಲ. ಕೇಳಿದರೆ, "ನಾನೇನೂ ಹೇಳ್ಲಿಲ್ಲ ಟೀಚ್ರೆ. ಒಂದಿನ ಶಾಫ್ಟ್ ಎತ್ತೋವಾಗ ಅವನಿಗೆ ಸನ್ನೆ ಮಾಡ್ತಾ ಇದ್ದೆ, ಅಕ್ಕನ ನೆನಪ್ ಬಂತು, ಮಾತ್ ತಾನಾಗೇ ಬಂದ್ಬಿಡ್ತು. ಅವನು ಹೊರಟ್ ಹೋಗ್ಲಿಲ್ಲ, ಅಲ್ಲೇ ಇದ್ದ," ಎಂದ. ಅಸಲು ತಿಪ್ಪೇಶಿಗೆ ಈ ಸಮಾಚಾರ ತಿಳಿದು ಸ್ವಲ್ಪ ಮತ್ಸರವಾಯಿತು. ಬ್ರೆಡ್ಡು ತಿನ್ನುತ್ತಾ ಕೂರುವುದು ದೊಡ್ಡ ಮಾತಲ್ಲ, ಬಿಸಿ ಚಹಾ ಚೆಲ್ಲದ ಹಾಗೆ ಕೂರಬೇಕು ಎಂದ.

ಹೀಗೆ ಚಳಿಗಾಲ ಮುಗಿಯಿತು. ನಾವು ಆ ಕತ್ತನ್ನು ಬಿಟ್ಟು ಅವನ ಮುಖ ಕಂಡವರಲ್ಲ. ಕತ್ತಿನ ಮೇಲಿನ ಮಚ್ಚೆಯೊಂದು ನನಗೆ ಬಾಯಿಪಾಠವಾಗಿತ್ತು. ಮೊನ್ನೆ ಅಕ್ಕತಮ್ಮನ ಮಾತು ಮುಗಿದು, ನಾನು ಫೋನ್ ತೆಗೆದುಕೊಳ್ಳಲು ಕೈ ಚಾಚಿದಾಗ, ಆ ಬೆನ್ನು ಅಲುಗಿತು. ಆ ಮನುಷ್ಯ ಬ್ರೆಡ್ಡನ್ನು ಪೆಟ್ಟಿಗೆಯ ಮೇಲಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಮ್ಮ ಕಡೆ ತಿರುಗಿದ. ಸೊಟ್ಟ ಹಲ್ಲಿನ, ವಯಸ್ಸಾದ, ಸಂಕೋಚದ ಮುಖ. ಅವನ ಕೈಗಳನ್ನು ಯಾವ ಪತ್ರವೂ ಕಟ್ಟಿಹಾಕಿರಲಿಲ್ಲ. ಹೊರದೇಶದ ಕಾಗದಕ್ಕೆ ಆ ಗುಣವಿಲ್ಲ. ಅವನು ಬೆರಳೆತ್ತಿ ತನ್ನ ಬಲಮೂಗಿನ ಮೇಲೆ ಇಟ್ಟ. ಹಾಲೇಶನ ಎದುರಿಗೇ ಕೂತು ನೋಡಿದವನಾದ್ದರಿಂದ ಎಡ ಬಲ ಅದಲುಬದಲಾಗಿತ್ತು. ಆಮೇಲೆ ಊಟವಾಯಿತೇ ಎಂದು ಕೇಳಿದ, ಬೆರಳುಗಳನ್ನು ಕೂಡಿಸಿ, ಬಾಯಿಯ ಹತ್ತಿರ ತಂದು, ಅಂಗೈ ತಿರುವಿ, ಥೇಟ್ ಹಾಲೇಶನ ಹಾಗೆ.

ಶಿವಲೀಲಾ ಅವನನ್ನು ನೋಡುತ್ತಾ ಕೂತಳು. ಹುಟ್ಟಿದಾಗಿನಿಂದ ಅವಳನ್ನು ತಮ್ಮನೊಬ್ಬನ ಹೊರತು ಬೇರೆ ಯಾರೂ ಕೈಮಾತಿನಲ್ಲಿ ಹೆಸರು ಹಿಡಿದು ಕರೆದಿರಲಿಲ್ಲ. ನನ್ನ ಕಣ್ಣು ತುಂಬಿತು, ಅವಳ ಕಣ್ಣು ತುಂಬಲಿಲ್ಲ. ಅವಳು ಮೊದಲು ಅಲ್ಲ ಎಂದು ತಲೆಯಾಡಿಸಿದಳು. ಮುಖವನ್ನು ಓರೆ ಮಾಡಿ, ಎಡಗೆನ್ನೆಯನ್ನು ಪರದೆಯ ಹತ್ತಿರ ತಂದು, ಮೂಗುತಿಯ ಮೇಲೆ ಬೆರಳಿಟ್ಟು ಅವನಿಗೆ ತೋರಿಸಿದಳು. ಈ ಕಡೆ. ಅವನು ಬೆರಳನ್ನು ಎಡಕ್ಕೆ ಸರಿಸುವವರೆಗೂ ಕಾದಳು. ಆಮೇಲೆ ಊಟವಾಯಿತು ಎಂದಳು.